ಕೆಟ್ಟ ರಕ್ತದ ಅಳತೆ

ತೆಲುಗು ನಾಡಿನ ನಾಚಾರಂ ಕಾರ್ಖಾನೆಗಳ ಹಿಂದೆ ಏಳುತ್ತಿದ್ದ ಹತ್ತಂತಸ್ತಿನ ಕಟ್ಟಡದ ಬುಡದಲ್ಲಿ ಕೂಲಿಕಾರರ ತಗಡಿನ ಶೆಡ್ಡುಗಳಿದ್ದವು. ಬುಧವಾರ ಬೆಳಿಗ್ಗೆ ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ದೇವದುರ್ಗದ ಕಡೆಯ ಸುಗಲಮ್ಮ ರೊಟ್ಟಿ ಬಡಿಯುತ್ತಿದ್ದಾಗ ಸೊಸೆ ರೇಣುಕಾ ಬಾಗಿಲು ಹಿಡಿದು ನಿಂತು, "ಅತ್ತಿ, ನೀರು ಹೋತು" ಎಂದಳು. ಮಗ ಹುಲಗೇಶನಿಗೆ ಫೋನ್ ಹೋಯಿತು. ಅವನು ಆಟೊ ಹುಡುಕುವಷ್ಟರಲ್ಲಿ ಹೆಣ್ಣುಕೂಸು ಸುಗಲಮ್ಮನ ಕೈಗೆ ಬಂದೇಬಿಟ್ಟಿತು. ಸ್ವಲ್ಪ ಹೊತ್ತಿಗೆ ಮಾಸೂ ಬಿತ್ತು. ಊರಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದ ಕೈ ಅದು, ಗಾಬರಿ ಬೀಳಲಿಲ್ಲ.

ಅಂದು ಶೆಡ್ಡಿನ ಮಕ್ಕಳಿಗೆ ಲಸಿಕೆ ಹಾಕಲು ಬಂದಿದ್ದ ನರ್ಸ್ ಚಿನ್ಮಯಿ ಕೂಸಿನ ಅಳು ಕೇಳಿ ಒಳಗೆ ಬಂದಳು. ಬೀದರಿನ ಹುಡುಗಿ, ಬಡಾವಣೆಯ ಸಣ್ಣ ಸರ್ಕಾರಿ ಆಸ್ಪತ್ರೆಯಾದ ಬಸ್ತಿ ದವಾಖಾನೆಯಲ್ಲಿ ಕೆಲಸ. ಮೂಲೆಯಲ್ಲಿ ರಕ್ತದಲ್ಲಿ ತೊಯ್ದು ಬಿದ್ದಿದ್ದ ಬಟ್ಟೆಗಳನ್ನು ನೋಡಿ ನಿಂತುಬಿಟ್ಟಳು.

"ಎಷ್ಟು ಬಟ್ಟಿ ಬದಲಿಸಿದ್ರಿ, ಅಮ್ಮಾ?"

"ಮೂರು. ಹೋಗ್ಲಿ ಬಿಡವ್ವ. ಒಂಬತ್ತು ತಿಂಗಳು ಕೂಡಿದ ಕೆಟ್ಟ ರಕ್ತ. ಒಳಗ ಉಳಿದ್ರ ತಲಿಗೇರತೈತಿ."

ಚಿನ್ಮಯಿ ರೇಣುಕಾಳ ಹೊಟ್ಟೆಯ ಮೇಲೆ ಕೈಯಿಟ್ಟಳು. ಕಲಸಿದ ಹಿಟ್ಟಿನಂತೆ ಮೆತ್ತಗಿತ್ತು. ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು, ಡಾಕ್ಟರಿಗೆ ಮಾಡಿದಳು. ಆಮೇಲೆ ಚೀಲದಿಂದ ಗುಳಿಗೆಯ ಹಾಳೆಯೊಂದನ್ನು ತೆಗೆದಳು. ರಕ್ತ ನಿಲ್ಲಿಸುವ ಗುಳಿಗೆ ಎಂದು ಹೇಳಿದ್ದೇ ತಡ, ಸುಗಲಮ್ಮ ಅವಳ ಮುಂಗೈ ಹಿಡಿದುಕೊಂಡಳು.

"ನಿಲ್ಲಿಸಬ್ಯಾಡ. ಕೆಟ್ಟದ್ದು ಹೊರಗ ಹೋಗಬೇಕು."

"ಕೆಟ್ಟದ್ದು ಎಷ್ಟಿರತದ್ರಿ? ಒಂದು ಚರಿಗಿ? ಎರಡು ಚರಿಗಿ? ಅದು ಎಲ್ಲಿಗೆ ಮುಗೀತದ, ಒಳ್ಳೇದು ಎಲ್ಲಿಂದ ಸುರು ಆಗ್ತದ?"

ಸುಗಲಮ್ಮ ಮೂಲೆಯ ಬಟ್ಟೆಗಳ ಕಡೆ ನೋಡಿದಳು. ಇಷ್ಟು ವರ್ಷದಲ್ಲಿ ಯಾರೂ ಅವಳಿಗೆ ಇದನ್ನು ಕೇಳಿರಲಿಲ್ಲ. ಅವಳೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಅಷ್ಟರಲ್ಲಿ ರೇಣುಕಾ, "ಅತ್ತಿ, ಕಣ್ಣಿಗೆ ಕತ್ತಲಿ ಬರಾಕತ್ತೈತಿ" ಎಂದಳು. ಅವಳ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸುಗಲಮ್ಮನ ಹಿಡಿತ ಸಡಿಲವಾಯಿತು.

"ನುಂಗಬ್ಯಾಡ, ನಾಲಿಗಿ ಕೆಳಗ ಇಟ್ಕೋ" ಎಂದು ರೇಣುಕಾಳ ಬಾಯಲ್ಲಿ ಗುಳಿಗೆಗಳನ್ನಿಟ್ಟ ಚಿನ್ಮಯಿ ಅತ್ತೆಯ ಕಡೆ ತಿರುಗಿದಳು. "ನೀವು ಹೊಕ್ಕಳದ ಹತ್ರ ತಿಕ್ಕ್ರಿ, ಗಟ್ಟಿ ಆಗೋತನಕ. ಇನ್ನು ಸ್ವಲ್ಪ ಹೊತ್ತಿಗೆ ಆಕಿಗೆ ಚಳಿ ಹತ್ತತದ. ಗುಳಿಗಿದೇ ಅದು, ಹೆದರಬ್ಯಾಡ್ರಿ."

ಸುಗಲಮ್ಮ ತಿಕ್ಕತೊಡಗಿದಳು. ಕೈ ಆಡುತ್ತಿದ್ದಂತೆ ಭಯದ ನಡುವೆಯೂ ಒಂದು ಪ್ರಶ್ನೆ ಅವಳನ್ನು ಬಿಡಲಿಲ್ಲ. "ಬಾಯಾಗ ಇಟ್ಟ ಗುಳಿಗಿಗೆ ಗರ್ಭಚೀಲದ ದಾರಿ ಹೆಂಗ ಗೊತ್ತಾಗತೈತಿ?"

"ದಾರಿ ಅದಕ್ಕ ಗೊತ್ತಿಲ್ರಿ. ರಕ್ತದಾಗ ಕೂಡಿ ಮೈತುಂಬ ತಿರುಗತದ, ಅದಕ್ಕೇ ಚಳಿ. ಗರ್ಭಚೀಲಕ್ಕ ಮುಟ್ಟಿದ ಮ್ಯಾಲೆ ಆ ಚೀಲ ಹಿಂಗ ಬಿಗೀತದ." ಚಿನ್ಮಯಿ ಬೆರಳು ಮಡಚಿ ಮುಷ್ಟಿ ತೋರಿಸಿದಳು. "ಮಾಸು ಅಂಟಿದ ಜಾಗಾದಾಗ ರಕ್ತದ ನರ ಬಾಯಿ ತೆರಕೊಂಡಿರ್ತಾವ. ಚೀಲ ಬಿಗಿದ್ರ ಅವು ಮುಚ್ಚತಾವ. ಸಡಿಲ ಬಿದ್ರ ತೆರೆದ ನಳ ಇದ್ದಂಗ."

"ಅಂದ್ರ ಹರಿಯೋದು ಕೂಡಿಟ್ಟ ರಕ್ತ ಅಲ್ಲ?"

"ಆಕಿ ಮೈಯಾಗಿನ ರಕ್ತನೇ ರೀ. ಬಾಣಂತಿಗೆ ಕೆಲವು ದಿನ ಸ್ವಲ್ಪ ಸ್ವಲ್ಪ ಹೋಗೋದು ಬ್ಯಾರೆ, ಹಿಂಗ ಹರಿಯೋದು ಬ್ಯಾರೆ."

ತುಸು ಹೊತ್ತಿನಲ್ಲಿ ಅಂಗೈ ಕೆಳಗೆ ಏನೋ ತೆಂಗಿನಕಾಯಿಯಂತೆ ಗಟ್ಟಿಯಾಯಿತು. ಸುಗಲಮ್ಮ ಬೆರಗಾಗಿ ನರ್ಸಿನ ಮುಖ ನೋಡಿದಳು. ಹರಿವು ಕಡಿಮೆಯಾಗಿತ್ತು. ರೇಣುಕಾ ಗಡಗಡ ನಡುಗಲು ಶುರುಮಾಡಿದಾಗ ಅತ್ತೆ ಕೂಗಾಡಲಿಲ್ಲ. ಕೌದಿ ಎಳೆದು ಹೊದಿಸಿದಳು.

ಸರ್ಕಾರಿ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರು, ಇಂಜೆಕ್ಷನ್ ಕೊಟ್ಟರು, ಎರಡು ಬಾಟಲಿ ರಕ್ತ ಏರಿಸಿದರು. ರೇಣುಕಾ ಉಳಿದಳು. ಅಲ್ಲಿದ್ದ ಮೂರು ದಿನವೂ ಸುಗಲಮ್ಮ ಎದುರಿಗೆ ಸಿಕ್ಕ ನರ್ಸನ್ನೆಲ್ಲ ತನ್ನ ಅರೆಬರೆ ತೆಲುಗಿನಲ್ಲಿ ಕೇಳಿದ್ದೇ ಕೇಳಿದ್ದು. ಆ ಇಂಜೆಕ್ಷನ್ನನ್ನು ಫ್ರಿಜ್ಜಿನಲ್ಲಿ ಯಾಕೆ ಇಡುತ್ತೀರಿ? ಬಿಸಿಲಿಗೆ ಕೆಡುತ್ತದೆಯೇ? ಬಿಪಿ ಇರುವ ಬಾಣಂತಿಗೆ ಬೇರೆ ಮದ್ದು ಯಾಕೆ? "ಈ ಅವ್ವನ್ನ ಕೆಲಸಕ್ಕ ತಗೋರಿ" ಎಂದು ಪಕ್ಕದ ಮಂಚದ ಕನ್ನಡದವಳು ನಗಾಡಿದಳು.

ಕೊನೆಯ ದಿನ ಚಿನ್ಮಯಿ ನೋಡಲು ಬಂದಳು. ಸುಗಲಮ್ಮ ಅವಳನ್ನು ವರಾಂಡಕ್ಕೆ ಕರೆದೊಯ್ದಳು.

"ನನಗ ತಂಗಿ ಇದ್ಲು, ಜಯಮ್ಮ. ಇಪ್ಪತ್ನಾಕು ವರ್ಷ ಆತು. ಕೂಸು ಚಂದ ಹುಟ್ಟಿತು. ಆಮ್ಯಾಲೆ ಏಳು ಬಟ್ಟಿ ಬದಲಿಸಿದೆ. ಹೋಗ್ಲಿ ಬಿಡು ಅಂತ ನಾನೇ ಹೇಳಿದೆ."

"ನಿಮಗ ಗೊತ್ತಿರಲಿಲ್ರಿ, ಅಮ್ಮಾ."

"ಗೊತ್ತಿರಲಿಲ್ಲ, ಖರೆ. ಆದ್ರ ಗೊತ್ತಿದ್ದಾಕಿಯಂಗ ಮಾತಾಡಿದೆ."

ಆ ಕೂಸು ಭಾಗ್ಯಶ್ರೀ. ಹುಟ್ಟುತ್ತಲೇ ತಾಯಿಯನ್ನು ನುಂಗಿದವಳೆಂದು ಮನೆಯವರು ಅವಳನ್ನು ಅರಿಷಿಣ ಹಚ್ಚುವಲ್ಲಿಂದಲೂ ತೊಟ್ಟಿಲು ಕಟ್ಟುವಲ್ಲಿಂದಲೂ ದೂರ ನಿಲ್ಲಿಸಿದ್ದರು. ಆ ಮಾತನ್ನು ಸುಗಲಮ್ಮನೂ ಆಡಿದ್ದಳು. ಈಗ ಭಾಗ್ಯಶ್ರೀ ಐದು ತಿಂಗಳ ಬಸುರಿ.

ಶೆಡ್ಡಿಗೆ ಮರಳಿದ ಸಂಜೆ ಸುಗಲಮ್ಮ ಮಗನಿಂದ ಫೋನ್ ಹಚ್ಚಿಸಿಕೊಂಡಳು.

"ಭಾಗ್ಯಾ, ದೊಡ್ಡವ್ವ ಮಾತಾಡಾಕತ್ತೀನಿ. ಹೆರಿಗಿಗೆ ದವಾಖಾನಿಗೇ ಹೋಗು. ರಕ್ತ ಭಾಳ ಹೋದ್ರ ಗುಳಿಗಿ ಐತಿ, ಇಂಜೆಕ್ಷನ್ ಐತಿ. ಹೋಗ್ಲಿ ಬಿಡು ಅಂತ ಯಾರರ ಅಂದ್ರ ಕೇಳಬ್ಯಾಡ."

"ಆತು, ದೊಡ್ಡವ್ವ."

"ಇನ್ನೊಂದು ಮಾತು. ನಿಮ್ಮವ್ವನ್ನ ನೀ ನುಂಗಿಲ್ಲ. ರಕ್ತ ಹರಿದು ಸತ್ಲು. ನಿಲ್ಲಿಸಬೇಕಿತ್ತು. ಬಾಜೂಕ ನಾನೇ ಕುಂತಿದ್ದೆ."

  ಬೈದರೆ ಬೈಯಲಿ ಎಂದು ಸುಗಲಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಸಣ್ಣ ದನಿ ಕೇಳಿತು.

"ದೊಡ್ಡವ್ವ, ಆಕಿ ನನ್ನ ಮುಖ ನೋಡಿದ್ಲೇನು?"

ಇಪ್ಪತ್ನಾಲ್ಕು ವರ್ಷ ಈ ಹುಡುಗಿಗೆ ಇದನ್ನು ಕೇಳಲು ಯಾರೂ ಜಾಗ ಕೊಟ್ಟಿರಲಿಲ್ಲ. ಸುಗಲಮ್ಮ ಮರಳಿನ ಗುಡ್ಡೆಯ ಮೇಲೆ ಕುಳಿತುಕೊಂಡಳು.

"ನೋಡಿದ್ಲು, ಭಾಗ್ಯಾ. ಎದಿಗೆ ಹಚ್ಕೊಂಡು ಹಾಲು ಕುಡಿಸಿದ್ಲು. ಮೂಗು ನನ್ನಂಗ ಐತಿ ನೋಡಕ್ಕಾ ಅಂದ್ಲು. ಕೇಳು, ಮೊದಲಿಂದ ಹೇಳತೀನಿ."