ಆಗಸ್ಟ್ ಕೊನೆಯ ಹಡಗು

"ಟೋಪಿ ಇಕ್ಕಲೇಬೇಕು ಕಣ್ರಪ್ಪ, ನಮ್ಮಣ್ಣನ ಆಸೆ ಅದು," ಎನ್ನುತ್ತ ಮಹದೇವು ಸತ್ತ ಅಣ್ಣನ ತಲೆಗೆ ಉಣ್ಣೆಯ ಮಂಕಿ ಟೋಪಿ ಎಳೆಯುತ್ತಿದ್ದ. ಅದು ಕಿವಿಯವರೆಗೆ ಬಂದು ಅಲ್ಲೇ ಮೊಂಡು ಹಿಡಿದು ಕೂತಿತ್ತು. ಮಂಡ್ಯದ ಗುತ್ತಲಿನ ಮನೆ ಮುಂದಿನ ಶಾಮಿಯಾನದಡಿ ಬೆಳಗಿನ ಹತ್ತಕ್ಕೇ ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದರು.

"ಈ ಸೆಕೇಲಿ ಟೋಪಿ ಯಾಕ್ಲಾ? ಇರ್ಲಿ ಬುಡು, ಓಗೋನು ಅವ್ನು," ಎಂದರು ಮರಿಸಿದ್ದಯ್ಯ. ಊರಲ್ಲಿ ಯಾರು ತೀರಿಕೊಂಡರೂ ಮುಂದೆ ನಿಂತು ಶಾಸ್ತ್ರ ಮಾಡಿಸುವ ಹಿರಿಯರು. ಮಳವಳ್ಳಿಯಿಂದ ಮೊದಲ ಬಸ್ಸಿಗೇ ಬಂದಿದ್ದರು.

ಅಪ್ಪನ ಕಾಲ ಬಳಿ ಕೂತಿದ್ದ ಕವಿತಾಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಮದ್ದೂರಿನಲ್ಲಿ ಮಕ್ಕಳಿಗೆ ಭೂಗೋಳ ಹೇಳಿಕೊಡುವ ಅವಳು ಸಿದ್ದರಾಜುವಿನ ಒಬ್ಬಳೇ ಮಗಳು. ನಿನ್ನೆ ಸಂಜೆ ಕಾಫಿ ಕುಡಿದು ಗೋಡೆಗೆ ಒರಗಿದ ಅಪ್ಪ ಮತ್ತೆ ಏಳಲಿಲ್ಲ.

"ಅಲ್ಲ ಕಣವ್ವ, ನಿಮ್ಮಪ್ಪಂಗೆ ಈ ಐಸಿನ ಗುಂಗು ಎಲ್ಲಿಂದ ಇಡೀತು?" ಪಕ್ಕದ ಮನೆಯ ವೀಣ ಮೆಲ್ಲಗೆ ಕೇಳಿದಳು.

"ನಂಗೂ ಗೊತ್ತಿಲ್ಲ ಅಕ್ಕ," ಎಂದಳು ಕವಿತ. ಅದು ನಿಜ. ಎರಡು ವರ್ಷದಿಂದ ಅವಳ ತಲೆ ತಿನ್ನುತ್ತಿದ್ದ ಪ್ರಶ್ನೆಯೂ ಅದೇ. ಮೂವತ್ತೆರಡು ವರ್ಷ ಮಂಡ್ಯದ ಐಸ್ ಫ್ಯಾಕ್ಟರಿಯಲ್ಲಿ ಗರಗಸ ಹಿಡಿದು ಐಸು ಕುಯ್ದವನಿಗೆ ಐಸು ಕಂಡರೆ ಮೈ ಉರಿಯಬೇಕಿತ್ತು. ತಿರುಪತಿಯಿಂದಾಚೆ ಕಾಲಿಡದ ಆ ಮನುಷ್ಯ, ಆಗಸ್ಟ್ ಕೊನೆಯ ವಾರ ಮನೆಯ ಐದು ಜನವೂ ಹಡಗು ಹತ್ತಿ ನಾರ್ವೆಯಾಚೆಯ ಹಿಮದ ಕಡಲಿಗೆ ಹೋಗುತ್ತೇವೆಂದು ಸಾರಿಬಿಟ್ಟಿದ್ದ.

*

ಅದೇ ವರ್ಷದ ಮೇ ತಿಂಗಳ ಒಂದು ಮಧ್ಯಾಹ್ನ. ಸಿದ್ದರಾಜು ಫ್ಯಾನು ಆರಿಸಿ, ಎಲ್ಲರಿಗೂ ಸ್ವೆಟರ್ ತೊಡಿಸಿ, ನಡುಮನೆಯಲ್ಲಿ ಸಾಲಾಗಿ ನಿಲ್ಲಿಸಿದ್ದ.

"ತಾತ, ನಾನು ಬೆಂದೋದೆ," ಎಂದಳು ಮೊಮ್ಮಗಳು ದೀಪಿಕ.

"ಅಲ್ಲೋದ್ಮೇಲೆ ಬಟನ್ನು ಆಗ್ದಿದ್ರೆ ಯಾರನ್ನ ಕೇಳ್ತೀಯವ್ವ? ನಿಂತ್ಕೊ."

"ಅಲ್ಲಿಯ ಬೇಸಿಗೇಲಿ ಹೋದ್ರೆ ಚಳಿ ಎಲ್ಲಿರುತ್ತೆ ಮಾವ?" ಕವಿತಾಳ ಗಂಡ ಸ್ವಾಮಿ ಛೇಡಿಸಿದ.

"ಅವ್ರ ಬೇಸ್ಗೆ ಮುಗಿಯೋ ಒತ್ಗೆ ನಮ್ಮ ಡಿಸೆಂಬರ್‌ಗಿಂತ ಚಳಿ ಕಣಪ್ಪ. ಕಡಲು ಇನ್ನೂ ಎಪ್ಪುಗಟ್ಟಿರಲ್ಲ. ಅಡಗು ಐಸಿನ ಮಗ್ಗುಲ್ಗೇ ಓಯ್ತದೆ." ಭೂಗೋಳದ ಟೀಚರ್ ಮಗಳೇ ಬಾಯಿ ಮುಚ್ಚಿಕೊಳ್ಳುವಷ್ಟು ಅವನು ಓದಿಕೊಂಡಿದ್ದ. ಟೂರಿನವರಿಗೆ ಫೋನು ಮಾಡಿ, ಹಡಗಿನೊಳಕ್ಕೆ ರಾಗಿಹಿಟ್ಟು ಬಿಡುತ್ತಾರೋ ಇಲ್ಲವೋ ಎಂದು ಮೂರು ಸಲ ಕೇಳಿದ್ದ.

ಐದು ಪಾಸ್‌ಪೋರ್ಟೂ, ದುಡಿದಿಟ್ಟಿದ್ದ ದುಡ್ಡೆಲ್ಲ ಸುರಿದು ಕೊಂಡ ಟಿಕೆಟ್ಟುಗಳೂ ಒಂದು ನೀಲಿ ರೆಕ್ಸಿನ್ ಬ್ಯಾಗಿನಲ್ಲಿದ್ದವು. ಮಲಗಿದರೆ ಅದು ತಲೆದೆಸೆಯಲ್ಲಿ, ಎದ್ದರೆ ಹೆಗಲಲ್ಲಿ. ಹಾಲು ತರಲು ಹೋದರೂ ಅದು ಜೊತೆಗೇ ಹೋಗುತ್ತಿತ್ತು.

"ಅಲ್ಲಪ್ಪ, ಇಷ್ಟು ದೂರ ಯಾಕೆ?" ಕವಿತ ಅಂದೂ ಕೇಳಿದಳು.

ಅವನು ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದ. ಅಲ್ಲಿ ಅವಳ ತಾಯಿ ನಾಗಮಣಿ ಸ್ವೆಟರ್ ತೊಟ್ಟೇ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. "ನೋಡಾಕೆ ಕಣವ್ವ," ಎಂದ.

*

ಮಂಡ್ಯದಿಂದ ಹೆಣ ತರುವ ಹೊತ್ತಿಗೆ ಮಳವಳ್ಳಿ ಕಡೆಯ ಊರಲ್ಲಿ, ಅವರದೇ ಹೊಲದ ಬದುವಿನಲ್ಲಿ ಗುಣಿ ತೋಡಿದ್ದರು. ಸತ್ತವರಿಗೆ ಇಷ್ಟವಾದದ್ದನ್ನು ಜೊತೆಗೇ ಮಣ್ಣಿಗಿಡುವುದು ಅವರ ವಾಡಿಕೆ. ಎಲೆಅಡಿಕೆ ಚೀಲ ಇಟ್ಟರು, ಕನ್ನಡಕ ಇಟ್ಟರು. ಹೆಣ ಇಳಿಸುವಾಗ ಬಟ್ಟೆ ಸರಿದು, ತಲೆಯಡಿಯಿಂದ ನೀಲಿ ಪಟ್ಟಿಯೊಂದು ಇಣುಕಿತು.

ಕವಿತ ಮುಂದೆ ಬಾಗಿದಳು. "ಚಿಕ್ಕಪ್ಪ, ಆ ಬ್ಯಾಗು..."

"ಅವನ ಪ್ರಾಣ ಅದ್ರಲ್ಲೇ ಇತ್ತಲ್ಲವ್ವ. ತಲೆದಿಂಬು ಮಾಡಿವ್ನಿ," ಎಂದ ಮಹದೇವು.

ಒಳಗೇನಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಕವಿತ ಬಾಯಿ ಬಿಟ್ಟರೆ, ಅಪ್ಪನ ಮೇಲೆ ಮಣ್ಣು ಬೀಳುವ ಮೊದಲೇ ಟೂರಿನ ಚಿಂತೆ ಮಾಡಿದಳು ಎಂದು ನೆಂಟರೆಲ್ಲ ಇವಳು ಸಾಯುವತನಕ ಆಡಿಕೊಳ್ಳುತ್ತಾರೆ. ಸುಮ್ಮನಿದ್ದರೆ, ಇನ್ನು ಇಪ್ಪತ್ತು ದಿನಕ್ಕೆ ಹಡಗು ಹೊರಡುತ್ತದೆ, ಅಪ್ಪನ ಎರಡು ವರ್ಷದ ಪಾಡು ಮಣ್ಣುಪಾಲು. ಅವಳು ಸ್ವಾಮಿಯ ಮುಖ ನೋಡಿದಳು. ಅವನು ಬೇಡವೆಂದು ತಲೆಯಾಡಿಸಿದ. ಹೋಗಲಿ, ಅಪ್ಪನೇ ಇಲ್ಲದ ಮೇಲೆ ಯಾವ ಕಡಲು ಎಂದುಕೊಂಡು ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು.

"ತಡೀರಿ."

ನಾಗಮಣಿ ಗುಣಿಯ ಅಂಚಿಗೆ ಬಂದು ನಿಂತಿದ್ದಳು. "ಆ ಬ್ಯಾಗು ಎತ್ತಿ."

"ಗುಣೀಗ್ ಇಳ್ಸಿದ್ದ ಮ್ಯಾಕೆ ತಗೀಬಾರ್ದು ಕಣಮ್ಮ," ಎಂದರು ಮರಿಸಿದ್ದಯ್ಯ. "ಸತ್ತೋನ ಆಸೆ ಅದು."

"ಅವ್ರ ಆಸೆ ಅಲ್ಲ. ನಂದು."

ಅವಳು ಗುಣಿಯೊಳಗಿನ ಗಂಡನನ್ನೇ ನೋಡುತ್ತ ಹೇಳಿದಳು.

"ಮದ್ವೆಯಾದ ವರ್ಸ ಫ್ಯಾಕ್ಟ್ರೀಗೆ ಬುತ್ತಿ ತಕಂಡೋಗಿದ್ದೆ. ಇವ್ರು ಐಸು ಕುಯ್ತಿದ್ರು. ಮಿಸಿನ್ನು ಇಲ್ದೆ ತಾನಾಗೇ ಐಸು ಆಗೋ ಜಾಗ ಐತಾ ಅಂತ ಕೇಳ್ದೆ. ಐತೆ ಅಂದ್ರು. ನೋಡ್ಬೇಕು ಅಂದೆ. ನಾನು ಬಾಯ್ಬುಟ್ಟು ಕೇಳಿದ್ದು ಅದೊಂದೇ. ಎಂಗಸು ಇಂಗೆ ಆಸೆಪಟ್ಲು ಅಂದ್ರೆ ನೀವೆಲ್ಲ ನಗ್ತೀರಿ ಅಂತ, ಗುಂಗು ತನ್ದೇ ಅಂತ ಎಲ್ರ ಕೈಲೂ ಅನ್ನುಸ್ಕಂಡ್ರು."

ಕವಿತಾಗೆ ನಾಚಿಕೆಯಾಯಿತು. ಎರಡು ವರ್ಷ ಅಪ್ಪನನ್ನೇ ಕೇಳಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಕೂತವಳನ್ನು ಒಂದು ದಿನವೂ ಕೇಳಿರಲಿಲ್ಲ.

ಮರಿಸಿದ್ದಯ್ಯ ಕೈಯಲ್ಲಿದ್ದ ಗುದ್ದಲಿಯನ್ನು ಪಕ್ಕಕ್ಕಿಟ್ಟರು. "ಇಳಿಲಾ ಮಹದೇವು," ಎಂದರು.

ಮಹದೇವು ಗುಣಿಗೆ ಇಳಿದ. ಅಣ್ಣನ ತಲೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದು ಬ್ಯಾಗು ಎಳೆದುಕೊಂಡ, ತನ್ನ ಹೆಗಲ ಟವೆಲ್ಲನ್ನು ಮಡಿಸಿ ಆ ಜಾಗಕ್ಕಿಟ್ಟ.

ನಾಗಮಣಿ ಬದುವಿನ ಮೇಲೆ ಕೂತು ಜಿಪ್ಪು ತೆಗೆದಳು. ಪಾಸ್‌ಪೋರ್ಟುಗಳನ್ನು ಒಂದೊಂದಾಗಿ ಬಿಚ್ಚಿ ಫೋಟೋ ನೋಡಿದಳು. ನಾಲ್ಕನ್ನು ವಾಪಸ್ಸು ಇಟ್ಟಳು. ಗಂಡನ ಫೋಟೋ ಇದ್ದ ಐದನೆಯದನ್ನು ಮೈದುನನ ಕೈಗೆ ಚಾಚಿದಳು.

"ಜೋಬಲ್ಲಿಡು. ಬಟನ್ನು ಆಕು, ಬಿದ್ದೋದಾತು."

ಮಹದೇವು ಅಣ್ಣನ ಬಿಳಿ ಶರಟಿನ ಜೇಬಿಗೆ ಅದನ್ನಿಟ್ಟು, ಬಟನ್ನು ಹಾಕಿ ಮೇಲೆ ಹತ್ತಿದ. ನಾಗಮಣಿ ಬ್ಯಾಗಿನ ಪಟ್ಟಿಯನ್ನು ಗಂಡ ಹಾಕಿಕೊಳ್ಳುತ್ತಿದ್ದ ಹಾಗೇ ಹೆಗಲಿಗೇರಿಸಿಕೊಂಡು ಎದ್ದಳು. ಒಂದು ಹಿಡಿ ಮಣ್ಣು ತೆಗೆದು, ಉಣ್ಣೆ ಟೋಪಿಯ ಮೇಲೆ ಬೀಳದಂತೆ, ಕಾಲ ಕಡೆಗೆ ಹಾಕಿದಳು.