ಹಿಂಬಾಗಿಲಿನ ಮುಚ್ಚುಬಟ್ಟೆ

ತೊಮಾಸಾ ತಾರ್ಕಿ ನಲವತ್ತು ದಿನಗಳಲ್ಲಿ ಹನ್ನೊಂದು ಸಲ ಬರೆದಳು. ಆ ಹನ್ನೊಂದನ್ನೂ ಅವಳ ಹೊರತು ಬೇರೆ ಯಾರೂ ಓದಲಾಗದಂತೆ ಮಾಡಲಾಗಿತ್ತು. ಮಾಡಿದವಳು ದೆಲ್ಫೀನಾ ಚೋಕೆ.

ಆ ಭಾನುವಾರ ಬೆಳಿಗ್ಗೆ ದೆಲ್ಫೀನಾಳಿಗೆ ಅದರ ನೆನಪೂ ಇರಲಿಲ್ಲ. ವಾರದ ಆರು ದಿನ ಕೆಳಗೆ ಲಾ ಪಾಸ್‌ನ ದೊಡ್ಡ ಮನೆಯೊಂದರಲ್ಲಿ ಅಡುಗೆ, ಏಳನೆಯ ದಿನ ಮೇಲೆ ದಿಣ್ಣೆಯ ಊರು ಎಲ್ ಆಲ್ತೋದ ಸಂತೆಯಲ್ಲಿ ಬಿಸಿ ಆಪಿ ಕುಡಿಯುವುದು. ನೇರಳೆ ಜೋಳದ ಆ ಗಂಜಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತಿದ್ದಾಗ ಊರುಗೋಲಿನ ಸದ್ದು ಅವಳ ಪಕ್ಕಕ್ಕೇ ಬಂದು ನಿಂತಿತು.

"ಓಹೋ, ಹಿಂಬಾಗಿಲಿನ ಯಜಮಾನ್ತಿ ಇಲ್ಲೇ ಇದಾಳಲ್ಲ," ಎಂದಳು ತೊಮಾಸಾ. "ಎರಡು ಸಾವಿರ ಜನ ಇದೀರಂತೆ. ಒಬ್ಬಳಿಗೂ ಬಾಯಿಲ್ವಾ?"

'ಹಿಂಬಾಗಿಲು' ಎಂಬುದು ಮನೆಗೆಲಸದ ಹೆಂಗಸರು ಫೋನಿನಲ್ಲಿ ಸೇರುವ ವೇದಿಕೆ. ರಜೆ ಕೇಳುವುದು ಹೇಗೆ, ಕೈ ಸುಮ್ಮನಿರದ ಯಜಮಾನನಿಂದ ಪಾರಾಗುವುದು ಹೇಗೆ, ಎಲ್ಲವೂ ಅಲ್ಲಿ ಮಾತಿಗೆ ಬರುತ್ತಿತ್ತು. ಅದರ ಆಡಳಿತ ನೋಡಿಕೊಳ್ಳುವ ಮೂವರಲ್ಲಿ ದೆಲ್ಫೀನಾ ಒಬ್ಬಳು. ಚುರುಕು ಕೈ, ಗಟ್ಟಿ ಮಾತು. ತನ್ನ ತೀರ್ಮಾನ ತಪ್ಪಿತೆಂದು ಅವಳಿಗೆ ಅನ್ನಿಸಿದ್ದು ಕಡಿಮೆ.

"ಏನಾಯ್ತು ಹೇಳೇ," ಎಂದಳು.

ಹೇಳುವುದಕ್ಕೆ ಬಹಳ ಇರಲಿಲ್ಲ. ತೊಮಾಸಾ ಎರಡನೇ ಮಹಡಿಯ ಕಿಟಕಿ ಒರೆಸುವಾಗ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಇವಳು ನಮ್ಮ ಕೆಲಸದವಳೇ ಅಲ್ಲ, ಅಡುಗೆಯವಳನ್ನು ನೋಡಲು ಬಂದಿದ್ದವಳು ಎಂದರು ಮನೆಯವರು. ಕಾರ್ಮಿಕ ಕಚೇರಿಯ ಮೊದಲ ವಿಚಾರಣೆಗೆ ಸಾಕ್ಷಿ ಯಾರೂ ಬರಲಿಲ್ಲ. ಮಂಗಳವಾರ ಎರಡನೆಯದು, ಕೊನೆಯದು.

"ಆ ಮನೇಲಿ ಹಿಂದೆ ಕೆಲಸ ಮಾಡಿದೋರು ಒಬ್ಬರಾದ್ರೂ ಬನ್ನಿ ಅಂತ ಹನ್ನೊಂದು ಸಲ ಬೇಡಿಕೊಂಡೆ. 'ಪಾಪ' ಅಂತ ಕೂಡ ಯಾರೂ ಬರೀಲಿಲ್ಲ. ಮಂಗಳವಾರ ಹೋಗಿ ದೂರು ವಾಪಸ್ ತಗೊಳ್ತೀನಿ. ನಮ್ಮೋರೇ ಕೈಬಿಟ್ಟ ಮೇಲೆ ಆಫೀಸಿನೋರ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?" ತೊಮಾಸಾ ಫೋನು ಮುಂದೆ ಹಿಡಿದಳು. ಹನ್ನೊಂದು ಬರಹಗಳೂ ಒಂದರ ಕೆಳಗೊಂದು ಇದ್ದವು.

ದೆಲ್ಫೀನಾ ತನ್ನ ಫೋನು ತೆರೆದಳು. ಅದರಲ್ಲಿ ಒಂದೂ ಇರಲಿಲ್ಲ. ಆಗ ನೆನಪಾಯಿತು. ಆಡಳಿತದವರ ಕೈಯಲ್ಲಿ ಒಂದು ಗುಂಡಿಯಿತ್ತು. ತಮ್ಮೊಳಗೆ ಅದನ್ನು 'ಮುಚ್ಚುಬಟ್ಟೆ' ಎನ್ನುತ್ತಿದ್ದರು. ಅದನ್ನು ಯಾರ ಮೇಲೆ ಹಾಕಿದರೋ ಅವರು ಬರೆದದ್ದು ಅವರಿಗೆ ಮಾತ್ರ ಕಾಣುತ್ತದೆ, ಉಳಿದವರಿಗೆ ಇಲ್ಲ. ಅಂಥದ್ದೊಂದು ಇದೆಯೆಂದು ಸದಸ್ಯರಿಗೆ ಗೊತ್ತಿರಲಿಲ್ಲ. ತೊಮಾಸಾ ಮೊದಲ ಸಲ ಯಜಮಾನರ ಹೆಸರು, ಮನೆ ನಂಬರು ಸಮೇತ ಬರೆದಿದ್ದಳು. ಅದು ನಿಯಮಕ್ಕೆ ವಿರುದ್ಧ. ದೆಲ್ಫೀನಾ ಒಲೆಯ ಮೇಲೆ ಸೂಪು ಉಕ್ಕುತ್ತಿದ್ದಾಗ ಅವಳ ಮೇಲೆ ಬಟ್ಟೆ ಮುಚ್ಚಿ, ಸಂಜೆ ತೆಗೆದರಾಯಿತು ಅಂದುಕೊಂಡು, ಮರೆತಿದ್ದಳು.

"ನಿನ್ನ ಫೋನಲ್ಲಿ ನಂದು ಯಾಕಿಲ್ಲ?"

"ನೆಟ್ ಸರಿ ಇಲ್ಲ ಕಣೇ, ಬೆಳಿಗ್ಗೆಯಿಂದ."

ಯಜಮಾನ್ತಿಯರು ಇಂಥ ಸುಳ್ಳನ್ನು ಹೇಗೆ ಹೇಳುತ್ತಾರೆಂದು ದೆಲ್ಫೀನಾಳಿಗೆ ಇಪ್ಪತ್ತು ವರ್ಷದಿಂದ ಗೊತ್ತು: ಮುಖ ನೋಡದೆ. ಈಗ ತಾನೂ ಆಪಿಯ ಲೋಟವನ್ನೇ ನೋಡುತ್ತಿದ್ದಳು.

"ಮಂಗಳವಾರದ ವಿಚಾರಣೆ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡ," ಎಂದು ಎದ್ದಳು.

"ಯಾಕೆ, ಅಷ್ಟರಲ್ಲಿ ನಿನ್ನ ನೆಟ್ ಸರಿಹೋಗುತ್ತಾ?" ಎಂದಳು ತೊಮಾಸಾ ಬೆನ್ನ ಹಿಂದಿನಿಂದ.

ವೇದಿಕೆಯನ್ನು ಕಟ್ಟಿದ, ಎಲ್ಲರೂ ಗೌರವದಿಂದ 'ದೋನ್ಯಾ' ಎಂದು ಕರೆಯುವ ಬಸಿಲಿಯಾ ಎರಡು ಬೀದಿಯಾಚೆ ಇದ್ದರು. ಮೂವತ್ತು ವರ್ಷ ಬೇರೆಯವರ ನೆಲ ಒರೆಸಿದ ಹೆಂಗಸು. ಅಂಗಳದ ಬಿಸಿಲಿನಲ್ಲಿ ಕೂತು ಅವರೆಯಂಥ ದಪ್ಪ ಕಾಳು ಸುಲಿಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡರು.

"ತಪ್ಪಾಗಿದೆ. ಬಟ್ಟೆ ತೆಗೆದುಬಿಡು. ಮುಗೀತು."

"ತೆಗೆದೆ. ಆದ್ರೆ ಅವಳು ಬರೆದದ್ದು ನಲವತ್ತು ದಿನದ ಮಾತುಗಳ ಕೆಳಗೆ ಹೂತುಹೋಗಿದೆ ದೋನ್ಯಾ. ಅಷ್ಟು ಹಿಂದೆ ಹೋಗಿ ಯಾರು ಓದ್ತಾರೆ? ನಾನು ಮುಚ್ಚಿದ್ದೆ ಅಂತ ಬರೀಬೇಕು. ನಮ್ಮ ಕೈಲಿ ಏನೇನಿದೆ ಅಂತಾನೂ ಬರೀಬೇಕು."

ಬಸಿಲಿಯಾ ಸಿಪ್ಪೆ ಕೆಳಗಿಟ್ಟರು. "ರೋಸ್ಮೆರಿ ಮರೆತುಹೋದ್ಲಾ ನಿನಗೆ?"

ಮರೆತಿರಲಿಲ್ಲ. ರೋಸ್ಮೆರಿ ಎಂಬ ಹೆಸರಿನಲ್ಲಿ ಸೇರಿದವನು ಕೆಲಸಕ್ಕೆ ಜನ ಒದಗಿಸುವ ಏಜೆನ್ಸಿಯೊಂದರ ಗಂಡಸು. ಅವನು ಯಜಮಾನರಿಗೆ ಹೆಸರು ಹೆಕ್ಕಿ ಕೊಟ್ಟದ್ದರಿಂದ ಆರು ಹೆಂಗಸರ ಕೆಲಸ ಹೋಗಿತ್ತು. ಹೊರಗೆ ಹಾಕಿದಷ್ಟು ಸಲವೂ ಹೊಸ ಹೆಸರಲ್ಲಿ ಬಂದಿದ್ದ. ಮುಚ್ಚುಬಟ್ಟೆ ಹುಟ್ಟಿದ್ದೇ ಅವನಿಗಾಗಿ. ತನ್ನನ್ನು ಯಾರೂ ಓದುತ್ತಿಲ್ಲವೆಂದು ತಿಳಿಯದೆ ಅವನು ತಿಂಗಳುಗಟ್ಟಲೆ ಬರೆಯುತ್ತಲೇ ಇದ್ದ.

"ಗುಟ್ಟು ಬಿಟ್ಟುಕೊಟ್ರೆ ನಾಳೆ ಇನ್ನೊಬ್ಬ ಬರ್ತಾನೆ. ಆಗ ಕೆಲಸ ಹೋದೋರಿಗೆ ನೀನು ಅನ್ನ ಹಾಕ್ತೀಯಾ?"

"ಅವನನ್ನ ಹೇಗೆ ಗುರುತು ಹಿಡಿದ್ವಿ ಅನ್ನೋದನ್ನ ನಾನು ಹೇಳಲ್ಲ. ಬಟ್ಟೆ ಇದೆ, ಹಾಕೋರು ಇಂಥೋರು, ತಪ್ಪು ಹಾಕಿದ್ರೆ ಇಲ್ಲಿ ಕೇಳಿ ಅಂತ ಹೇಳ್ತೀನಿ. ಎರಡೂ ಒಂದೇ ಅಲ್ಲ. ನಮ್ಮ ಬೀದಿ ನಲ್ಲಿಯ ಬೀಗದಕೈ ನನ್ನ ಸರದಿಗೆ ಬಂದಾಗ ಏನು ಮಾಡಿದ್ರಿ? ಎಲ್ಲರನ್ನೂ ಸೇರಿಸಿ, ಇಷ್ಟು ಹೊತ್ತಿಗೆ ತೆಗೀಬೇಕು, ಇಂಥೋರು ಹೇಳದೆ ಮುಚ್ಚಬಾರದು ಅಂತ ನನ್ನ ಮುಖಕ್ಕೇ ಹೇಳಿದ್ರಿ."

"ನಲ್ಲಿ ಹತ್ರ ಶತ್ರು ಬರಲ್ಲ ಕಣೇ."

"ನೀರು ಕದಿಯೋನು ಬರ್ತಿದ್ದ. ಆದ್ರೂ ಬೀಗದಕೈ ಯಾರ ಹತ್ರ ಇದೆ ಅಂತ ಊರಿಗೆಲ್ಲ ಗೊತ್ತಿತ್ತು. ನಾನು ಹೊತ್ತು ಮೀರಿದ್ರೆ ನನ್ನ ಕೊರಳಪಟ್ಟಿ ಹಿಡಿಯೋರಿದ್ರು. ಇಲ್ಲಿ ತೊಮಾಸಾ ಯಾರ ಕೊರಳಪಟ್ಟಿ ಹಿಡೀಬೇಕು? ಎಲ್ಲರ ಕಿವಿ ಮುಚ್ಚಿದೋಳು ನಾನು. ಕೈಬಿಟ್ಟದ್ದು ಎರಡು ಸಾವಿರ ಜನ ಅಂದ್ಕೊಂಡಿದಾಳೆ."

ಬಸಿಲಿಯಾ ಬೇಡವೆನ್ನುವ ಮೊದಲೇ ದೆಲ್ಫೀನಾ ಅಲ್ಲೇ ಕಲ್ಲಿನ ಮೇಲೆ ಕೂತು ಬರೆದು, ವೇದಿಕೆಯ ನೆತ್ತಿಯ ಮೇಲೆ ಹಾಕಿದಳು.

'ನಿಮ್ಮ ಮಾತು ಅಳಿಸುವ, ನಿಮ್ಮನ್ನು ಹೊರಗೆ ಹಾಕುವ ಅಧಿಕಾರ ನಮ್ಮ ಮೂವರಿಗಿದೆ. ನಿಮ್ಮ ಮಾತು ನಿಮಗೆ ಮಾತ್ರ ಕಾಣುವಂತೆ ಮುಚ್ಚುವ ಅಧಿಕಾರವೂ ಇದೆ. ಇದನ್ನು ನಿಮಗೆ ಹೇಳಿರಲಿಲ್ಲ. ತೊಮಾಸಾ ತಾರ್ಕಿಯ ಮಾತನ್ನು ನಲವತ್ತು ದಿನ ಮುಚ್ಚಿಟ್ಟವಳು ನಾನು, ದೆಲ್ಫೀನಾ ಚೋಕೆ. ಅವಳಿಗೆ ಮಂಗಳವಾರ ಸಾಕ್ಷಿ ಬೇಕು. ಇನ್ನು ಮುಂದೆ ಯಾರನ್ನು ಮುಚ್ಚಿದರೂ ಕಾರಣ ಬರೆದಿಡುತ್ತೇವೆ. ಅನುಮಾನವಿದ್ದವರು ಕೇಳಿ.'

ಕೇಳಿದರು. ನನ್ನದನ್ನೂ ಮುಚ್ಚಿದ್ದಿರಾ? ನನ್ನ ತಂಗಿಯದನ್ನು? ಯಜಮಾನರ ಬುದ್ಧಿ ನಿಮಗೂ ಬಂತಾ? ನಮ್ಮನ್ನು ಕೇಳಿ ಮುಚ್ಚಿದ್ದಿರಾ? ಬಸಿಲಿಯಾ ತಮ್ಮ ಫೋನಿನಲ್ಲಿ ಒಂದೊಂದನ್ನೂ ಓದಿ ಹೇಳಿದರು, ದೆಲ್ಫೀನಾಳ ಎದೆಗೆ ನಾಟುವಂತೆ.

"ನೋಡು ನಿನ್ನ ನಿಯತ್ತಿನ ಫಲ."

"ಬೈಲಿ. ಬೈಯೋದು ಕಾಣ್ತಾ ಇದೆಯಲ್ಲ."

ಆಮೇಲೆ ತೊಮಾಸಾ ಬರೆದಳು: 'ನೆಟ್ ಅಲ್ಲ, ನೀನು. ಸಿಕ್ಕಾಗ ಮಾತಾಡೋಣ. ಸಹಿ ಹಾಕಲ್ಲ.' ಅದರ ಕೆಳಗೆ ನೆಮೇಸಿಯಾ ವಾಯ್ಪಾ ಎಂಬವಳು: 'ಆ ಮನೇಲಿ ಎರಡು ವರ್ಷ ಇಸ್ತ್ರಿ ಮಾಡಿದೀನಿ. ತೊಮಾಸಾ ನನಗಿಂತ ಮೊದಲಿಂದ ಅಲ್ಲಿದ್ದಳು. ಮಂಗಳವಾರ ಎಷ್ಟು ಗಂಟೆಗೆ, ಎಲ್ಲಿಗೆ ಬರಲಿ?'

ಬಸಿಲಿಯಾ ಅದನ್ನು ಗಟ್ಟಿಯಾಗಿ ಓದಲಿಲ್ಲ. ಎರಡು ಸಲ ತಮ್ಮಷ್ಟಕ್ಕೆ ಓದಿಕೊಂಡರು. ಸುಲಿದ ಕಾಳನ್ನು ಬೊಗಸೆಯಲ್ಲಿ ತುಂಬಿ ಪಾತ್ರೆಗೆ ಸುರಿದರು.

"ಸರಿ. ಸಾಕ್ಷಿ ಸಿಕ್ತು, ದೇವರು ದೊಡ್ಡವನು," ಎಂದರು, ದನಿ ತಗ್ಗಿಸಿ. "ಆ ಇಬ್ಬರಿಗೂ ಫೋನ್ ಮಾಡಿ ಗೊತ್ತುಮಾಡು. ಈಗ ನಿನ್ನ ಬರಹ ಅಳಿಸು. ಇನ್ನೂ ಅರ್ಧದಷ್ಟು ಜನ ನೋಡಿಲ್ಲ."

"ಅದಕ್ಕೇ ಇರಬೇಕು ದೋನ್ಯಾ, ಆ ಅರ್ಧ ಜನಕ್ಕೆ."

"ಅಳಿಸು ಅಂದೆ. ಇಲ್ಲಾಂದ್ರೆ ಇವತ್ತೇ ನಿನ್ನ ಅಧಿಕಾರ ತೆಗೀತೀನಿ."

ದೆಲ್ಫೀನಾ ಎದ್ದು ಲಂಗದ ಧೂಳು ಕೊಡವಿ, ಹಿರಿಯ ಹೆಂಗಸಿನ ಮುಖವನ್ನು ನೇರವಾಗಿ ನೋಡಿದಳು.

"ತೆಗೀರಿ. ಯಾಕೆ ತೆಗೆದ್ರಿ ಅಂತ ಎಲ್ಲರಿಗೂ ಕಾಣೋ ಹಾಗೆ ಬರೀರಿ, ಕೆಳಗೆ ನಿಮ್ಮ ಹೆಸರು ಹಾಕಿ. ನಾನಂತೂ ಅಳಿಸಲ್ಲ."