ಉಗುಳಿನಲ್ಲಿ ಕೆಂಪು

ಬಚ್ಚಲ ಕಲ್ಲಿನ ಮೇಲೆ ಕನಕಲಕ್ಷ್ಮಿ ಉಗುಳಿದ್ದು ಕೆಂಪಗಿತ್ತು. ಹಲ್ಲುಜ್ಜಿದ ಇದ್ದಲ ಪುಡಿಯ ಕಪ್ಪಿನಲ್ಲೂ ಆ ಕೆಂಪು ಅಡಗಲಿಲ್ಲ. ಹಿಂದೆ ತಂಬಿಗೆ ಹಿಡಿದು ನಿಂತಿದ್ದ ಅತ್ತೆ ರಾಧಮ್ಮ ನೋಡಿಬಿಟ್ಟರು. ಅವರ ತಮ್ಮ ಕ್ಷಯದಲ್ಲಿ ಹೋಗಿದ್ದು ಹೀಗೇ, ರಕ್ತ ಉಗುಳಿ ಉಗುಳಿ.

"ಇನ್ಮೇಲೆ ಮಗೂನ ಮುಟ್ಬೇಡ ಕಣೇ," ಎಂದರು.

ಅವತ್ತೇ ಅವಳ ತಟ್ಟೆ, ಲೋಟ, ಚಾಪೆ ಹಿತ್ತಲ ಕೊಟ್ಟಡಿಗೆ ಹೋದವು. ಆಗಷ್ಟೇ ವರ್ಷ ತುಂಬಿದ್ದ ಶ್ಯಾಮಲಳಿಗೆ ಮೊಲೆ ಬಿಡಿಸಿದರು. ಹಾಲು ಕಟ್ಟಿ ಎದೆ ಕಲ್ಲಾಯಿತು. ಗೋಡೆಯಾಚೆ ಮಗು ಅತ್ತಾಗಲೆಲ್ಲ ರವಿಕೆ ನೆನೆಯಿತು. ಹದಿನೈದು ದಿನಕ್ಕೆ ಅಳುವೂ ನಿಂತಿತು, ಹಾಲೂ ನಿಂತಿತು.

"ನಂಗೆ ಕೆಮ್ಮಿಲ್ಲ, ಜ್ವರ ಇಲ್ಲ. ಒಂದ್ಸಲ ಡಾಕ್ಟರಿಗೆ ತೋರಿಸ್ರೀ," ಎಂದು ಬಾಗಿಲ ಸಂದಿಯಿಂದ ಗಂಡನನ್ನು ಬೇಡಿದಳು.

ಚಿಂತಾಮಣಿಯ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ಸತ್ಯಮೂರ್ತಿ ದನಿ ತಗ್ಗಿಸಿದ. "ಮೆತ್ತಗೆ ಮಾತಾಡೇ. ಕ್ಷಯದ ಮನೆ ಅಂತ ಹೆಸರು ಬಂದ್ರೆ ನನ್ನ ತಂಗೀನ ಯಾರು ತಂದ್ಕೋತಾರೆ? ಅವಳ ಮದುವೆ ಒಂದು ಆಗ್ಲಿ."

ಸಂಬಂಧ ಕುದುರಿ, ಧಾರೆಯಾಗಿ, ಹುಡುಗಿ ಗೌರಿಬಿದನೂರು ಸೇರುವಷ್ಟರಲ್ಲಿ ಒಂಬತ್ತು ತಿಂಗಳು ಕಳೆಯಿತು. ಸೊಸೆ ತವರಿಗೆ ಹೋಗಿದ್ದಾಳೆಂದು ನೆಂಟರಿಗೆ ಹೇಳಿ ಕೊಟ್ಟಡಿಗೆ ಹೊರಗಿನಿಂದ ಚಿಲಕ ಹಾಕಿದ್ದರು. ಕನಕಲಕ್ಷ್ಮಿ ಒಳಗೆ ಕೂತು ಓಲಗ ಕೇಳಿಸಿಕೊಂಡಳು.

ಆಮೇಲೆ ಚಿಕ್ಕಬಳ್ಳಾಪುರದ ಡಾಕ್ಟರು. ಬೆನ್ನು ತಟ್ಟಿ ನೋಡಿದರು, ಕಫ ಪರೀಕ್ಷೆ ಮಾಡಿಸಿದರು, ಕೊನೆಗೆ "ಎಲ್ಲಿ, ಬಾಯಿ ತೆಗಿಯಮ್ಮ" ಎಂದರು. ತೆಗೆದಳು. ಡಾಕ್ಟರು ನಕ್ಕೇಬಿಟ್ಟರು.

"ಏನ್ ಮೇಷ್ಟ್ರೇ, ಹೆಂಡ್ತಿ ಬಾಯಿ ಒಂದಿನವೂ ನೋಡ್ಲಿಲ್ವಾ? ಹಲ್ಲಿನ ಬುಡದಲ್ಲಿ ಪಾಚಿ ಗಟ್ಟಿಯಾಗಿ ಗಾರೆ ಥರ ಕೂತಿದೆ. ವಸಡು ಊದ್ಕೊಂಡು ರಕ್ತ ಬರ್ತಿದೆ, ಅಷ್ಟೆ. ಎದೇಲಿ ಏನೂ ಇಲ್ಲ."

ಅವರು ಕಳಿಸಿದ ಹಲ್ಲಿನ ಡಾಕ್ಟರು ಕೊಕ್ಕೆಯಂಥ ಕಡ್ಡಿಯಿಂದ ಕೆರೆದರು. ಪಿಂಗಾಣಿ ಬಟ್ಟಲಿಗೆ ಹಳದಿ ಚೂರುಗಳು ಬಿದ್ದವು. ಆಗಲೇ ಅಲ್ಲಾಡುತ್ತಿದ್ದ ಎರಡು ಹಲ್ಲು ಕಿತ್ತರು. ಒಂದು ಗಂಟೆಯ ಕೆಲಸ. ಕನಕಲಕ್ಷ್ಮಿ ಬಟ್ಟಲೊಳಕ್ಕೆ ಬಗ್ಗಿ ನೋಡಿದಳು. ಒಂದು ಚಿಟಿಕೆ ನುಚ್ಚಿನಷ್ಟಿತ್ತು.

ಮನೆಗೆ ಬಂದಾಗ ರಾಧಮ್ಮ ದೇವರಿಗೆ ಕೈ ಮುಗಿದರು. "ಸದ್ಯ! ಹಲ್ಲು ನೆಟ್ಟಗೆ ಉಜ್ಜೋದನ್ನ ನಿಮ್ಮಮ್ಮ ಕಲಿಸಿದ್ರೆ ಇಷ್ಟೆಲ್ಲ ಆಗ್ತಿತ್ತೇನೇ?"

ಕನಕಲಕ್ಷ್ಮಿ ಹೊಸ್ತಿಲ ಬಳಿ ಕೂತು ಎರಡೂ ಕೈ ಚಾಚಿದಳು. "ಬಾರಮ್ಮ, ಶ್ಯಾಮಲ."

ಮಗು ಅಜ್ಜಿಯ ಸೀರೆಯಲ್ಲಿ ಮುಖ ಹುದುಗಿಸಿ, ಕಲಿಸಿಕೊಟ್ಟಿದ್ದನ್ನೇ ಒಪ್ಪಿಸಿತು: "ಆಚೆ ಹೋಗು. ಮುಟ್ಬಾರ್ದು."

"ಜಾಣೆ," ಎಂದರು ರಾಧಮ್ಮ, ಒಂಬತ್ತು ತಿಂಗಳ ರೂಢಿಯಲ್ಲಿ.